ಭಾವನವರ ಮರಿಗೆ ಹಾಲು ಬಿಡಿಸಿದ್ದು

ಎಳ್ಳಮಾವಾಸ್ಯೆ ಕಳೆದ ಮೇಲೆ ಒಂದು ಮಧ್ಯಾಹ್ನ ನಮ್ಮ ಮನೆಯ ಕರಿ ಆಡು ಮೂರು ಮರಿ ಹಾಕಿತು. ಮೊದಲಿನ ಎರಡು ಗಟ್ಟಿಯಾಗಿದ್ದವು; ತಾಯಿ ನೆಕ್ಕುತ್ತಿರುವಾಗಲೇ ಎದ್ದು ನಿಲ್ಲಲು ಒದ್ದಾಡಿದವು. ಮೂರನೆಯದು ಹೆಣ್ಣು. ಒದ್ದೆ ಅರಿವೆಯ ಮುದ್ದೆಯ ಹಾಗೆ ಕೊಟ್ಟಿಗೆಯ ಮೂಲೆಯಲ್ಲಿ ಬಿದ್ದಿತ್ತು. ತಾಯಿ ಅದನ್ನು ಒಮ್ಮೆ ಮೂಸಿ, ತಲೆಯಿಂದ ಆಚೆ ದೂಡಿ, ಮತ್ತೆ ಅದರ ಕಡೆ ಹೊರಳಿ ನೋಡಲಿಲ್ಲ. ನನ್ನ ಭಾವ, ಅಂದರೆ ಗಂಡನ ಅಣ್ಣ, ಬಾಗಿಲಲ್ಲಿ ನಿಂತು ಇದನ್ನೆಲ್ಲ ನೋಡುತ್ತಿದ್ದವರು ಒಳಗೆ ಬಂದು, ಆ ಮರಿಯನ್ನು ಕಾಲಿನ ಹೆಬ್ಬೆರಳಿನಿಂದ ಹೊರಳಿಸಿ ತೀರ್ಪು ಕೊಟ್ಟರು.

"ಇದು ಉಳಿಯಂಗಿಲ್ಲ. ಸಂಜಿಮಟ ಇದ್ರ ಹೆಚ್ಚು. ಇದರ ಹಿಂದ ಬಿದ್ದು ಯಾರೂ ಹೊತ್ತು ಕಳೀಬ್ಯಾಡ್ರಿ."

ನಾನು ಆ ಮರಿಯನ್ನು ಎತ್ತಿಕೊಂಡದ್ದು ಕರುಣೆಯಿಂದ ಎಂದು ಯಾರೂ ತಿಳಿಯಬಾರದು. ಭಾವ ಹೇಳಿದ್ದು ಸುಳ್ಳಾಗಲಿ ಎಂದು ಎತ್ತಿಕೊಂಡೆ. ಸೂಡಿ ಊರಿನ ಈ ಮನೆಗೆ ಸೊಸೆಯಾಗಿ ಬಂದಾಗಿನಿಂದ ಅವರ ಮಾತು ಸುಳ್ಳಾಗುವುದನ್ನು ನೋಡುತ್ತ ಬಂದಿದ್ದೇನೆ. ಇವತ್ತು ಹನಿ ಸಹ ಬೀಳುವುದಿಲ್ಲ ಎಂದು ಅವರು ಅಂದ ದಿನ ಅಂಗಳದಲ್ಲಿ ಹರವಿದ ಶೇಂಗಾ ಪೂರ್ತಿ ತೋಯ್ದಿದೆ. ರೋಗವೇ ಬಾರದ ಜಾತಿ ಎಂದು ಅವರು ಬುಟ್ಟಿಯಲ್ಲಿ ಹೊತ್ತು ತಂದ ಕೋಳಿಗಳು ವಾರ ಕಳೆಯುವುದರೊಳಗೆ ಕುತ್ತಿಗೆ ಚೆಲ್ಲಿವೆ. ಇಷ್ಟಾದರೂ ಅವರ ದನಿಯ ಬಿಗಿ ಮಾತ್ರ ಸಡಿಲಾಗಿಲ್ಲ. ತಪ್ಪಿದವನಿಗೆ ನಾಚಿಕೆಯಾಗುತ್ತದೆ ಎನ್ನುತ್ತಾರೆ. ನಮ್ಮ ಭಾವನವರಿಗೆ ಆಗುವುದು ಹಸಿವು. ಆ ಕೋಳಿಗಳನ್ನು ತಿಪ್ಪೆಯಲ್ಲಿ ಹುಗಿದು ಬಂದ ದಿನ ಅವರು ಎರಡು ರೊಟ್ಟಿ ಹೆಚ್ಚು ತಿಂದರು.

ಅತ್ತೆ ಒಲೆಯ ಮುಂದೆ ಹಳೆಯ ಕೌದಿಯ ತುಂಡು ಹಾಸಿಕೊಟ್ಟರು.

"ಒರಸು, ಗಟ್ಟ್ಯಾಗಿ ಒರಸು. ಬೆನ್ನ ತಿಕ್ಕು," ಅಂದರು. ಆಮೇಲೆ ದನಿ ತಗ್ಗಿಸಿ, "ಅವಾ ಅಂದಾನ ಅಂದ್ರ ಇದು ಉಳದರೂ ಉಳೀತೈತಿ," ಅಂದರು. ಹೆತ್ತ ತಾಯಿಗೂ ಮಗನ ಲೆಕ್ಕ ಗೊತ್ತಿತ್ತು.

ತಾಯಿ ಆಡಿನ ಹಿಂಗಾಲು ಒತ್ತಿ ಹಿಡಿದು ಗಿಣ್ಣದ ಹಾಲನ್ನು ಒಂದಿಷ್ಟು ವಾಟಿ ಬಟ್ಟಲಿಗೆ ಹಿಂಡಿಕೊಂಡೆ. ಅದು ಒದ್ದ ಒದೆತ ಇನ್ನೂ ನನ್ನ ಮೊಣಕೈಗೆ ನೆನಪಿದೆ. ಮರಿಗೆ ಚೀಪುವುದೂ ಗೊತ್ತಿರಲಿಲ್ಲ. ಬೆರಳು ಅದ್ದಿ ಬಾಯೊಳಗಿಟ್ಟರೆ ನಾಲಗೆ ಹಾಗೇ ಬಿದ್ದಿರುತ್ತಿತ್ತು, ಹಾಲು ಕೆನ್ನೆಯ ಕಡೆಯಿಂದ ಇಳಿದು ನನ್ನ ಸೀರೆಯ ಮೇಲೆ ಸುರಿಯುತ್ತಿತ್ತು. ಚಮಚದಿಂದ ಹನಿಹನಿಯಾಗಿ ಹಾಕಿದೆ. ಹೊತ್ತು ಮುಳುಗುವ ವೇಳೆಗೆ ನಾಲಗೆ ಬೆರಳಿಗೆ ಸುತ್ತಿಕೊಂಡು ಒಮ್ಮೆ ಜಗ್ಗಿತು. ನಾನು ಅಂಗಳಕ್ಕೆ ಬಂದು ಭಾವನವರಿಗೆ ಕೇಳಿಸುವಂತೆ ಅಂದೆ:

"ಅತ್ತ್ಯಾರ, ಸಂಜಿ ಆತ್ರಿ. ಮರಿ ಐತಿ."

ಭಾವ ಮೊಬೈಲಿನಿಂದ ತಲೆ ಎತ್ತಲಿಲ್ಲ. "ನಾಳಿ ಮುಂಜಾನಿ ನೋಡ್ರಿ," ಅಂದರು.

ನಾಳೆ ಮುಂಜಾನೆಯೂ ಇತ್ತು. ಅದರ ಮರುದಿನವೂ ಇತ್ತು. ನನ್ನ ಗಂಡ ಗಜೇಂದ್ರಗಡ, ರೋಣ ಅಂತ ಸಾಮಾನು ಹೇರುವ ಗಾಡಿ ಓಡಿಸುತ್ತಾರೆ. ಅವರಿಗೆ ಬಾಟಲಿ ತರಲು ಹೇಳಿದೆ. ಗಜೇಂದ್ರಗಡದ ಔಷಧದ ಅಂಗಡಿಯವನು "ಕೂಸು ಎಷ್ಟ ತಿಂಗಳದ್ದರಿ" ಎಂದು ಕೇಳಿದನಂತೆ. ಆಡಿನ ಮರಿಗೆ ಎಂದು ಹೇಳಲು ನಾಚಿ, ನಮ್ಮವರು "ಈಗ ಹುಟ್ಟೇತ್ರಿ" ಎಂದು ಹೇಳಿ, ಮೊಲದ ಚಿತ್ರವಿರುವ ಗುಲಾಬಿ ಬಣ್ಣದ ಬಾಟಲಿ ತಂದರು. ಅಂಗಡಿಯವನು ಅವರಿಗೆ ಶುಭಾಶಯವನ್ನೂ ಹೇಳಿ ಕಳಿಸಿದ್ದನಂತೆ. ಅಣ್ಣ ಬಾಯಿ ತೆರೆದರೆ ಮುಚ್ಚುವುದಿಲ್ಲ, ತಮ್ಮ ಮುಚ್ಚಿದರೆ ತೆರೆಯುವುದಿಲ್ಲ. ಒಂದೇ ಹೊಟ್ಟೆಯಲ್ಲಿ ಹುಟ್ಟಿದ ಇಬ್ಬರೂ ಕೂಡಿದರೂ ಒಬ್ಬ ಪೂರ್ತಿ ಮನುಷ್ಯ ಆಗುವುದಿಲ್ಲ ಎಂದು ನಾನು ಆಗಾಗ ಅಂದುಕೊಳ್ಳುತ್ತೇನೆ.

ನಿಪ್ಪಲ್ಲಿನ ತೂತು ಸಣ್ಣದಿತ್ತು. ಸೂಜಿ ಕಾಯಿಸಿ ದೊಡ್ಡದು ಮಾಡಿದೆ. ಹಾಲು ಮಣಿಕಟ್ಟಿನ ಮೇಲೆ ಬಿದ್ದರೆ ಬೆಚ್ಚಗೆ ತಾಕಬೇಕು, ಸುಡಬಾರದು. ಮರಿಯನ್ನು ಕೂಸಿನ ಹಾಗೆ ಅಂಗಾತ ಮಲಗಿಸಿ ಕುಡಿಸಿದರೆ ಹಾಲು ಶ್ವಾಸಕ್ಕೆ ಹೋಗುತ್ತದೆ. ನಿಲ್ಲಿಸಿಕೊಂಡು, ಕುತ್ತಿಗೆ ಮೇಲೆ ಮಾಡಿ ಕುಡಿಸಬೇಕು. ಇವೆಲ್ಲ ಹೊಳೆಮಣ್ಣೂರಿನ ನನ್ನ ತವರಿನಲ್ಲಿ ನೋಡಿ ಕಲಿತದ್ದು. ಅಲ್ಲಿ ಹೊಳೆ ಏರಿ ಬಂದ ವರ್ಷ ತಾಯಿ ಕಳೆದುಕೊಂಡ ಮರಿಗಳನ್ನು ನನ್ನ ಅವ್ವ ನಾವು ಆಸರೆ ಪಡೆದ ಶಾಲೆಯ ಪಡಸಾಲೆಯಲ್ಲಿ ಕೂತು ಸಾಕಿದ್ದಳು. ಅವಳಿಗೆ ಅವುಗಳ ಮೇಲೆ ಪ್ರೀತಿ ಇತ್ತು. ನನಗೆ ಆಡಿನ ಮೇಲೆ ಪ್ರೀತಿ ಹುಟ್ಟಿದ್ದೇ ಇಲ್ಲ. ಈ ಮರಿಯಷ್ಟು ಪೆದ್ದ ಜೀವವನ್ನು ನಾನು ಕಂಡಿರಲಿಲ್ಲ. ಹೊಟ್ಟೆ ತುಂಬಿದ ಮೇಲೂ ಬಾಟಲಿಯನ್ನು ತಲೆಯಿಂದ ಗುದ್ದುತ್ತಿತ್ತು. ಬಾಟಲಿ ಇಲ್ಲದಾಗ ನನ್ನ ಸೆರಗು, ಕಟ್ಟಿಗೆಯ ತುದಿ, ಅತ್ತೆಯ ಕಿವಿಯ ಓಲೆ, ಸಿಕ್ಕಿದ್ದನ್ನೆಲ್ಲ ಚೀಪುತ್ತಿತ್ತು. ಒಮ್ಮೆ ಬೆಕ್ಕಿನ ಬಾಲ ಚೀಪಲು ಹೋಗಿ ಮೂತಿ ಗೀರಿಸಿಕೊಂಡು ಬಂತು. ಮಾರನೆಯ ದಿನ ಅದೇ ಬೆಕ್ಕಿನ ಹಿಂದೆ ಮತ್ತೆ ಹೋಯಿತು.

ಮರಿ ಅಂಗಳದಲ್ಲಿ ನಾಲ್ಕೂ ಕಾಲು ಎತ್ತಿ ಜಿಗಿಯತೊಡಗಿದ ಮೇಲೆ ಭಾವನವರ ಕಣ್ಣಿಗೆ ಬಿತ್ತು. ಅಷ್ಟು ದಿನ ಅವರು ಅದನ್ನು ದಾಟಿಕೊಂಡೇ ಓಡಾಡುತ್ತಿದ್ದರು. ಆ ಹೊತ್ತಿಗೆ ಕೋಳಿಯ ಸುದ್ದಿ ಬಿಟ್ಟು ಮೊಬೈಲಿನಲ್ಲಿ ಒಂದು ಚಾನೆಲ್ ಮಾಡಿಕೊಂಡಿದ್ದರು. ಕಡಲೆ ಯಾವಾಗ ಬಿತ್ತಬೇಕು, ಎತ್ತಿಗೆ ಏನು ತಿನ್ನಿಸಬೇಕು ಎಂದು ಅದರಲ್ಲಿ ಊರಿಗೆಲ್ಲ ಹೇಳುತ್ತಿದ್ದರು. ಹೊಲಕ್ಕೆ ಹೋಗಿ ಬರುವುದು ನನ್ನ ಗಂಡ, ಎತ್ತಿಗೆ ಮೇವು ಹಾಕುವುದು ನಾನು, ಹೇಳುವುದು ಅವರು.

ಒಂದು ಮುಂಜಾನೆ ಬಿಳಿ ಅಂಗಿ ತೊಟ್ಟು, ಹೆಗಲಿಗೆ ಟಾವೆಲ್ ಹಾಕಿಕೊಂಡು, ಮೊಬೈಲನ್ನು ಎದುರಿಗೆ ನಿಲ್ಲಿಸಿ ಕಟ್ಟೆಯ ಮೇಲೆ ಕೂತರು.

"ಬಾಟ್ಲಿ ತುಂಬಿ ಕೊಡು ತಂಗಿ. ಮರೀನೂ ಹಿಡಕೊಂಡ ಬಾ. ನೀ ಮಾತ್ರ ಇದರಾಗ ಬರಬ್ಯಾಡ, ಬಾಜೂಕ ನಿಂದ್ರು."

ನಾನು ಬಾಟಲಿ ಕೊಟ್ಟು ಕಂಬದ ಮರೆಗೆ ನಿಂತೆ. ಭಾವ ಮರಿಯನ್ನು ತೊಡೆಯ ಮೇಲೆ ಅಂಗಾತ ಮಲಗಿಸಿಕೊಂಡರು. ಹಾಗಲ್ಲ, ನಿಲ್ಲಿಸಿ ಎಂದು ನಾನು ಕೈಸನ್ನೆ ಮಾಡಿದೆ. ಅವರು ಮೊಬೈಲಿನ ಕಡೆ ನೋಡಿ ಮುಗುಳ್ನಕ್ಕರು.

"ಬಂಧುಗಳ, ನಮಸ್ಕಾರ. ಈ ಕೂಸಿನ್ನ ನೋಡ್ರಿ. ಹೆತ್ತ ತಾಯಿ ಇದನ್ನ ಬ್ಯಾಡ ಅಂತು. ಮನ್ಯಾಗ ಎಲ್ಲಾರೂ ಉಳಿಯಂಗಿಲ್ಲ ಅಂದ್ರು. ನನ್ನ ಮನಸು ಮಾತ್ರ ಒಪ್ಪಲಿಲ್ಲ ನೋಡ್ರಿ."

ಮರಿ ಕೆಮ್ಮಿ, ಅವರ ಬಿಳಿ ಅಂಗಿಯ ಮೇಲೆ ಹಾಲು ಕಾರಿತು. ಅಷ್ಟು ತುಣುಕನ್ನು ಕತ್ತರಿಸಿ ವಿಡಿಯೋ ಹಾಕಿದರಂತೆ. ಉಳಿದದ್ದು ಜನರಿಗೆ ತಟ್ಟಿತು. ಅವರ ಹಳೆಯ ವಿಡಿಯೋಗಳನ್ನು ನಮ್ಮ ಓಣಿಯವರೂ ನೋಡಿದವರಲ್ಲ. ಇದನ್ನು ಎಲ್ಲೆಲ್ಲಿಯವರೋ ನೋಡಿದರು. ಕೆಳಗೆ ಜನ ಬರೆದದ್ದನ್ನು ಭಾವ ಊಟಕ್ಕೆ ಕೂತಾಗ ನಮಗೆಲ್ಲ ಓದಿ ಹೇಳುತ್ತಿದ್ದರು. ನಿಮ್ಮಂಥವರಿಂದ ಮಳೆ ಬೆಳೆ ಆಗುತ್ತಿದೆ ಅಣ್ಣಾ. ನಿಮ್ಮದು ತಾಯಿ ಕರುಳು. ಓದುವಾಗ ಅವರು ನಿಜವಾಗಿಯೂ ಟಾವೆಲಿನಿಂದ ಮೂಗು ಒರೆಸಿಕೊಳ್ಳುತ್ತಿದ್ದರು. ತಾನು ಹೇಳಿದ ಸುಳ್ಳನ್ನು ಮೊದಲು ನಂಬುವವನು ತಾನೇ ಆದರೆ ಅದರಷ್ಟು ಸುಖ ಬೇರೆ ಇಲ್ಲ ಎಂದು ಕಾಣುತ್ತದೆ. ನಾನು ಅವರ ತಾಟಿಗೆ ಪಲ್ಯ ಬಡಿಸುತ್ತ ನಿಂತಿರುತ್ತಿದ್ದೆ.

ಆಮೇಲೆ ಜನವೇ ಬರತೊಡಗಿದರು. ರೋಣದಿಂದ, ಲಕ್ಕಲಕಟ್ಟಿಯಿಂದ, ಗಾಡಿಯ ಮೇಲೆ ಇಬ್ಬಿಬ್ಬರು ಮೂರ್ಮೂರು ಮಂದಿ. ಮನೆಯಲ್ಲಿ ಆಡು ಇದ್ದವರೇ ನಮ್ಮ ಮನೆಗೆ ಆಡಿನ ಮರಿ ನೋಡಲು ಬಂದರು. ಒಬ್ಬಾಕೆ ಕೈಚೀಲದಲ್ಲಿ ಬಿಸ್ಕಿಟು ತಂದು, ಪೊಟ್ಟಣ ಪೂರ್ತಿ ಅದರ ಮುಂದೆ ಸುರಿದು, "ಪಾಪ, ತಾಯಿ ಇಲ್ಲದ್ದು," ಎಂದು ಕಣ್ಣು ಒರೆಸಿಕೊಂಡಳು. ತಾಯಿ ಎರಡು ಮಾರು ದೂರದಲ್ಲಿ ಗೂಟಕ್ಕೆ ಕಟ್ಟಿಸಿಕೊಂಡು ಕಡಲೆ ಹೊಟ್ಟು ಮೇಯುತ್ತ ಇವಳನ್ನೇ ನೋಡುತ್ತಿತ್ತು.

"ಬಿಸ್ಕಿಟ್ ಹಾಕಬ್ಯಾಡ್ರಿ, ಹೊಟ್ಟಿ ಕೆಡತೈತಿ," ಎಂದು ನಾನು ಅಂದೆ.

"ಇರ್ಲಿ ಬಿಡವಾ, ಪ್ರೀತಿಲಿಂತ ಕೊಟ್ಟದ್ದು ಏನೂ ಮಾಡಂಗಿಲ್ಲ," ಅಂದರು ಭಾವ. ಬಂದಾಕೆ ನನ್ನನ್ನು ಆಳಿನ ಹೆಣ್ಣುಮಗಳು ಎಂದು ತಿಳಿದು ಕುಡಿಯಲು ನೀರು ಕೇಳಿದಳು. ತಂದುಕೊಟ್ಟೆ.

ಶಿವರಾತ್ರಿಯೂ ಮುಗಿದು ಬಿಸಿಲು ಏರಿತು. ಅದರ ಜೊತೆಯ ಎರಡು ಮರಿಗಳು ತಾಯಿಯ ಹಾಲು ಬಹುಮಟ್ಟಿಗೆ ಬಿಟ್ಟು ಬೇವಿನ ಸೊಪ್ಪು-ತಪ್ಪಲು, ಶೇಂಗಾ ಬಳ್ಳಿ ಕಡಿಯುತ್ತಿದ್ದವು. ಮಧ್ಯಾಹ್ನ ನೆರಳಲ್ಲಿ ಮಲಗಿ ದೊಡ್ಡ ಆಡುಗಳ ಹಾಗೆ ಮೆಲುಕು ಹಾಕುತ್ತಿದ್ದವು. ಇದೊಂದು ಮಾತ್ರ ತಪ್ಪಲು ಮುಂದಿಟ್ಟರೆ ಮೂಸಿ, ಮುಖ ತಿರುವಿ, ಬಾಟಲಿಗಾಗಿ ಓಣಿಯೆಲ್ಲ ಕೇಳುವಂತೆ ಒದರುತ್ತಿತ್ತು. ಹಾಲು ಬಿಡಿಸುವ ಕಾಲ ಬಂದಿತ್ತು. ನಾನು ಮುಂಜಾನೆ ಸಂಜೆ ಎರಡು ಹೊತ್ತು ಮಾತ್ರ ಕೊಟ್ಟು, ನಡುವಿನದನ್ನು ನಿಲ್ಲಿಸಿದೆ. ಹಾಲಿಗೆ ನೀರು ಬೆರೆಸುತ್ತ, ದಿನದಿನಕ್ಕೆ ನೀರು ಹೆಚ್ಚು ಮಾಡುತ್ತ ಹೋದೆ. ಬಾಟಲಿಯಲ್ಲಿ ರುಚಿ ಇಲ್ಲ ಎಂದಾದರೆ ಹೊಟ್ಟೆ ತಾನೇ ತಪ್ಪಲಿನ ದಾರಿ ಹಿಡಿಯುತ್ತದೆ.

ಭಾವನವರಿಗೆ ಇದು ಗೊತ್ತಾದದ್ದು ವಿಡಿಯೋದಲ್ಲಿ. ಬಾಟಲಿಯ ಹಾಲು ತಿಳಿಯಾಗಿ ಕಂಡಿತು ಎಂದು ಯಾರೋ ಬರೆದಿದ್ದರಂತೆ.

"ಏನವಾ ಇದು? ಹಾಲಿಗೆ ನೀರ ಹಾಕಾಕತ್ತೀ ಏನು?"

"ಹಾಲ ಬಿಡಸಾಕತ್ತೀನ್ರಿ. ಹಲ್ಲ ಬಂದಾವ. ಇನ್ನ ತಪ್ಪಲಾ ತಿನ್ನಬೇಕ್ರಿ ಅದು."

"ಬಿಡಸೂದು ಯಾಕ? ಇನ್ನೊಂದ ನಾಕ ತಿಂಗಳ ಕುಡೀಲಿ."

"ಅದರ ಜೋಡಿ ಹುಟ್ಟಿದ್ದು ಎರಡೂ ಮೇಯಾಕತ್ತಾವ್ರಿ. ಬರೇ ಹಾಲ ಕುಡದ್ರ ಹೊಟ್ಟಿ ಬೆಳ್ಯಂಗಿಲ್ಲ. ಮೆಲಕ ಹಾಕೂದೂ ಕಲ್ಯಂಗಿಲ್ಲ."

"ಅವನ್ನ ಯಾರ ನೋಡ್ತಾರ? ತಪ್ಪಲಾ ತಿನ್ನೂ ಆಡ ಎಲ್ಲಾರ ಮನ್ಯಾಗೂ ಅದಾವ," ಅಂದರು ಭಾವ. ನನ್ನ ಪೆದ್ದತನಕ್ಕೆ ಅವರಿಗೆ ಬೇಸರವಾಗಿತ್ತು. "ಬಾಟ್ಲಿ ಕುಡದ್ರನ ಅದು. ಬಾಟ್ಲಿ ಬಿಡಿಸಿದಿ ಅಂದ್ರ ಅದೊಂದು ಆಡ, ಅಷ್ಟ."

"ಅದು ಆಡಽ ಅಲ್ಲೇನ್ರಿ ಭಾವಾರ," ಅಂದೆ.

ಅವತ್ತು ಸಂಜೆ ಗಂಡನಿಗೆ ಹೇಳಿದೆ. ಅವರು ಗಾಡಿಯ ಗಾಜು ಒರೆಸುತ್ತ, "ಅಣ್ಣ ಅದಾನ. ಅಂದ್ರ ಅಂದ. ನೀ ಸುಮ್ನ ನಿನ್ನ ಕೆಲಸ ಮಾಡ," ಅಂದರು. ಒರೆಸಿದ ಗಾಜನ್ನೇ ಮತ್ತೆ ಒರೆಸಿದರು. ಅತ್ತೆಗೂ ಈಗ ಮಗನನ್ನು ನೋಡಲು ಜನ ಬರುವುದು ಹಿತವಾಗಿತ್ತು; ಬಂದವರಿಗೆ ಚಹಾ ಮಾಡಲು ನನಗೆ ಹೇಳಿ ತಾವು ಹೊಸ ಸೀರೆ ಉಟ್ಟು ಕಟ್ಟೆಗೆ ಕೂಡುತ್ತಿದ್ದರು. ಸರಿ, ಸುಮ್ಮನೆ ನನ್ನ ಕೆಲಸ ನಾನು ಮಾಡಿದೆ. ನೀರು ಹೆಚ್ಚಿಸಿದೆ.

ಆದರೆ ಮರಿ ತಪ್ಪಲಿನ ಕಡೆ ಹೊರಳಲೇ ಇಲ್ಲ. ತೆಳ್ಳಗಾಗುವುದರ ಬದಲು ಮುಂಜಾನೆ ನಾನು ಬಾಟಲಿ ತರುವ ಹೊತ್ತಿಗೆ ಹಸಿವೇ ಇಲ್ಲದ ಹಾಗೆ ನಿಂತಿರುತ್ತಿತ್ತು, ಮೂತಿಗೆ ಏನೋ ಅಂಟಂಟು. ಕಾರಣ ಆಮೇಲೆ ತಿಳಿಯಿತು. ನಾನು ನೀರಿಗೆ ಹೋದಾಗ ಭಾವ ಗಟ್ಟಿ ಹಾಲಿಗೆ ಸಕ್ಕರೆ ಕದಡಿ, ಜನ ತಂದ ಬಿಸ್ಕಿಟನ್ನು ಅದರಲ್ಲಿ ನೆನೆಸಿ, ತಾವೇ ಕುಡಿಸುತ್ತಿದ್ದರು.

ಆ ವಾರ ನರಗುಂದದ ಕಡೆಯಿಂದ ಒಬ್ಬ ಹುಡುಗ ಬರುವವನಿದ್ದ. ಅವನ ಚಾನೆಲ್ಲು ಭಾವನವರದಕ್ಕಿಂತ ಬಹಳ ದೊಡ್ಡದು. ವಯಸ್ಸಿನಲ್ಲಿ ಮಗನಂತಿದ್ದರೂ ಭಾವ ಅವನಿಗೆ ಫೋನಿನಲ್ಲಿ ಮಾತಿಗೊಮ್ಮೆ ಸರ್ ಅನ್ನುತ್ತಿದ್ದರು. ಅವನು ಬರುವ ದಿನ ಅಂಗಳ ಸಾರಿಸಿ, ಮರಿಯ ಕೊರಳಿಗೆ ಚೆಂಡುಹೂವಿನ ಸರ ಹಾಕಿಸಿದ್ದರು. ನಾನು ಅವಲಕ್ಕಿ ಒಗ್ಗರಣೆ ಹಾಕುತ್ತಿದ್ದೆ. ಹೊರಗಿನಿಂದ ಭಾವನವರ ದನಿ ಕೇಳಿಸಿತು.

"ನೋಡ್ರಿ ಸರ್, ಹ್ಯಾಂಗ ದುಂಡಗ ಆಗೇತಿ. ಸಾಯೂ ಮರಿ ಇದು. ಹೊಟ್ಟಿ ನೋಡ್ರಿ, ಡೊಳ್ಳ ಆಗೇತಿ. ಇದು ನನ್ನ ಕೈಗುಣ."

ಡೊಳ್ಳು ಎಂಬ ಮಾತು ಕೇಳಿ ಹೊರಗೆ ಬಂದೆ. ಮರಿ ಕಾಲು ಅಗಲಿಸಿ ನಿಂತಿತ್ತು. ಎಡಗಡೆಯ ಹೊಟ್ಟೆ ಬೆನ್ನಿನ ಮಟ್ಟಕ್ಕೆ ಉಬ್ಬಿ ಬಂದಿತ್ತು. ಬಾಯಿಯಿಂದ ನೊರೆ ಇಳಿಯುತ್ತಿತ್ತು, ಹಲ್ಲು ಕಡಿಯುವ ಸದ್ದು ನನಗೇ ಕೇಳುತ್ತಿತ್ತು. ಭಾವ ಅದರ ಬಾಯಿಗೆ ಬಾಟಲಿ ಹಿಡಿದು, "ಕುಡಿ ನನ್ನ ಮಗಳ, ಕುಡಿ," ಎಂದು ಮೊಬೈಲಿನ ಕಡೆಗೆ ನಗುತ್ತಿದ್ದರು. ಅದು ಮೂತಿ ತಿರುವಿದರೆ ಇವರು ಮೂತಿ ಹಿಡಿದು ಸರಿಮಾಡುತ್ತಿದ್ದರು.

ನಾನು ಹೋಗಿ ಬಾಟಲಿ ಕಸಿದುಕೊಂಡೆ.

"ಹೊಟ್ಟಿ ಉಬ್ಬರಿಸೇತ್ರಿ. ಸಾಯ್ತೈತಿ ಅದು."

"ಏ, ಮುಂಜಾನಿ ಭಾಳ ಕುಡದೈತಿ ಅಷ್ಟ. ಸರ್ ಬಂದಾರ, ನೀ ಒಳಗ ನಡಿ."

ನಾನು ಹೊಟ್ಟೆಯ ಮೇಲೆ ಬೆರಳಿನಿಂದ ಬಾರಿಸಿ ತೋರಿಸಿದೆ. ಖಾಲಿ ಡಬ್ಬಿಯ ಸದ್ದು ಬಂತು. ನರಗುಂದದ ಹುಡುಗ ಮೊಬೈಲು ಕೆಳಗಿಳಿಸಿದ. ಅವನಿಗೆ ಆಡಿನ ಬಗ್ಗೆ ಏನೂ ಗೊತ್ತಿರಲಿಲ್ಲ, ಆದರೆ ಮುಖ ನೋಡಿ ಸುಳ್ಳು ಯಾವುದು ಎಂದು ತಿಳಿಯುವಷ್ಟು ಬುದ್ಧಿ ಇತ್ತು.

"ಅಕ್ಕಾರ, ದವಾಖಾನಿಗೆ ಹೋಗೂಣೇನ್ರಿ? ಗಾಡಿ ಐತಿ," ಅಂದ.

ಗೋಣಿಚೀಲದಲ್ಲಿ ಮರಿಯನ್ನು ಸುತ್ತಿ ತೊಡೆಯ ಮೇಲಿಟ್ಟುಕೊಂಡು ಅವನ ಹಿಂದೆ ಕೂತೆ. ಭಾವ ತಮ್ಮ ಬಿಳಿ ಅಂಗಿಯನ್ನೊಮ್ಮೆ, ನೊರೆ ಸುರಿಯುವ ಮೂತಿಯನ್ನೊಮ್ಮೆ ನೋಡಿದರು. "ನೀವು ಮುಂದ ನಡೀರಿ, ನಾ ಹಿಂದ ಬರ್ತೀನಿ," ಅಂದರು. ಗಜೇಂದ್ರಗಡದವರೆಗೂ ಮರಿಯ ಉಸಿರು ನನ್ನ ಹೊಟ್ಟೆಗೆ ತಾಗುತ್ತಿತ್ತು. ಗಾಳಿಗೆ ಚೆಂಡುಹೂವಿನ ಎಸಳು ಹಾರಿ ಮುಖಕ್ಕೆ ಬಡಿಯುತ್ತಿದ್ದವು. ಇದು ಇವತ್ತು ಸತ್ತರೆ ಭಾವನವರು ಮೊದಲು ಹೇಳಿದ ಮಾತೇ ನಿಜವಾಗುತ್ತದಲ್ಲ ಎಂದು ನನಗೆ ಹೊಟ್ಟೆ ಉರಿಯುತ್ತಿತ್ತು. ಸಾಯಬೇಡ ಎಂದು ಅದರ ಕಿವಿಯ ಹತ್ತಿರ ಹೇಳಿದೆ. ಬೈಗುಳ ಸೇರಿಸಿಯೇ ಹೇಳಿದೆ.

ದನದ ದವಾಖಾನೆಯ ಡಾಕ್ಟರು ಕೆಲಸ ತಿಳಿದವರು, ಮಾತು ಕಡಿಮೆ. ಮರಿಯನ್ನು ಮುಂಗಾಲು ಎತ್ತರದಲ್ಲಿರುವಂತೆ ನಿಲ್ಲಿಸಿಕೊಂಡು, ಬಾಯಿಂದ ಸಣ್ಣ ನಳಿಕೆ ಇಳಿಸಿದರು. ಹುಳಿತ ಹಾಲಿನ ನಾತದ ಗಾಳಿ ಭುಸ್ಸೆಂದು ಹೊರಬಂತು. ಹೊಟ್ಟೆ ನಮ್ಮ ಕಣ್ಣ ಮುಂದೆಯೇ ಇಳಿಯಿತು. ಎಣ್ಣೆಯಂಥ ಔಷಧ ಕುಡಿಸಿ, ಒಂದು ಸೂಜಿ ಚುಚ್ಚಿ, ಕೈ ತೊಳೆಯುತ್ತ ಕೇಳಿದರು:

"ಏನ ತಿನ್ನಸೀರಿ?"

"ನಾ ನೀರ ಹಾಲ ಕುಡಿಸೀನ್ರಿ. ಉಳದದ್ದು ನನಗ ಗೊತ್ತಿಲ್ರಿ. ಸಕ್ಕರಿ, ಬಿಸ್ಕಿಟ್ ಇರಬೇಕ್ರಿ."

"ಬಾಟ್ಲಿ ಬಂದ್ ಮಾಡ್ರಿ. ಪೂರಾ ಬಂದ್. ಒಣ ಮೇವು ಕೊಡ್ರಿ, ನೀರ ಇಡ್ರಿ. ಒದರಿದ್ರ ಒದರ್ಲಿ."

ಎಲ್ಲ ಮುಗಿದು ಮರಿ ತನ್ನ ಕಾಲ ಮೇಲೆ ನಿಂತು ಸುತ್ತ ನೋಡುತ್ತಿರುವಾಗ ಭಾವ ಬಂದರು. ಅಂಗಿ ಬದಲಿಸಿರಲಿಲ್ಲ, ಬಾಯಲ್ಲಿ ಎಲೆ ಅಡಿಕೆ ಇತ್ತು. ಡಾಕ್ಟರಿಗೆ ನಮಸ್ಕಾರ ಮಾಡಿ, ನನ್ನ ಕೈಯಿಂದ ಮರಿಯನ್ನು ಎತ್ತಿಕೊಂಡು, ನರಗುಂದದ ಹುಡುಗನಿಗೆ, "ಸರ್, ಇಲ್ಲೊಂದ ತುಣುಕು ತಗೊಳ್ರಿ," ಅಂದರು. ಹುಡುಗ ಮೊಬೈಲು ಕಿಸೆಯಿಂದ ತೆಗೆಯಲಿಲ್ಲ. "ಹೊತ್ತಾತ್ರಿ," ಎಂದು ಹೊರಟುಬಿಟ್ಟ. ಭಾವ ತಮ್ಮದೇ ಮೊಬೈಲನ್ನು ತೋಳುದ್ದ ಹಿಡಿದು ಶುರುಮಾಡಿದರು: ಇವತ್ತು ಡಾಕ್ಟರೂ ತಾವೂ ಕೂಡಿ ವಿಚಾರ ಮಾಡಿ, ಮರಿಗೆ ಹಾಲು ಬಿಡಿಸಬೇಕೆಂದು ತೀರ್ಮಾನ ಮಾಡಿದ್ದಾಗಿಯೂ, ಕರುಳು ಕಿತ್ತು ಬರುತ್ತಿದೆಯಾದರೂ ಅದರ ಹಿತಕ್ಕಾಗಿ ತಡೆದುಕೊಳ್ಳುವುದಾಗಿಯೂ. ನಾನು ಪಕ್ಕದಲ್ಲೇ ನಿಂತಿದ್ದೆ. ಸೀರೆಯಿಂದ ಹುಳಿ ನಾತ ಬರುತ್ತಿತ್ತು. ಆ ಹೊತ್ತು ನನಗೆ ಸಿಟ್ಟು ಸಹ ಬರಲಿಲ್ಲ. ಸಿಟ್ಟು ಬರಲು ಎದುರಿಗೆ ಒಬ್ಬ ಮನುಷ್ಯನಾದರೂ ಇರಬೇಕು.

ಹಾಲು ಬಿಡಿಸುವ ಕೆಲಸ ಇನ್ನು ಯಾರ ಅಡ್ಡಿಯೂ ಇಲ್ಲದೆ ನಡೆಯಿತು. ಮರಿಯನ್ನು ಅಂಗಳದಿಂದ ತೆಗೆದು ಕೊಟ್ಟಿಗೆಯಲ್ಲಿ ಜೊತೆಯವರ ನಡುವೆ ಬಿಟ್ಟೆ. ಮೊದಲು ಅದು ಆಡುಗಳನ್ನು ನೋಡಿ ಹೆದರಿ ಗೋಡೆಗೆ ಅಂಟಿ ನಿಂತಿತು. ತಾನೂ ಅದೇ ಜಾತಿ ಎಂಬುದು ಅದಕ್ಕೆ ಗೊತ್ತಿರಲಿಲ್ಲ. ಹಗಲೆಲ್ಲ ಒದರಿತು. ನಾನು ಆ ಕಡೆ ಸುಳಿಯಲಿಲ್ಲ. ನನ್ನ ಸೀರೆ ಕಂಡರೆ ಅದಕ್ಕೆ ಬಾಟಲಿಯೇ ಕಂಡಂತೆ. ಮೇವು ಹಾಕಲು ಅತ್ತೆಯನ್ನು ಕಳಿಸಿದೆ. ಅದು ಅವರ ಬೆರಳನ್ನು ಚೀಪಲು ಬಂದಾಗ ಅವರು ಬೆರಳಿಗೆ ಬೇವಿನ ತಪ್ಪಲು ಅರೆದು ಹಚ್ಚಿಕೊಂಡು ಹೋದರು. ನಮ್ಮವರಿಗೂ ಎರಡು ವರ್ಷವಾದರೂ ಮೊಲೆ ಬಿಡದಿದ್ದಾಗ ಹೀಗೇ ಮಾಡಿದ್ದಂತೆ.

"ಒಮ್ಮಿ ನೆಕ್ಕಿದಾವ ಮತ್ತ ಹಂತ್ಯಾಕ ಬರಲಿಲ್ಲ," ಅಂದರು ಅತ್ತೆ.

"ದೊಡ್ಡಾವ್ರಿಗೆ?" ಎಂದು ಭಾವನವರ ಬಗ್ಗೆ ಕೇಳಿದೆ.

"ಅವಾ ಬೇವನ್ನೂ ನೆಕ್ಕಿ, ಸೀ ಐತಿ ಅಂದ ನೋಡು," ಅಂದರು.

ಈ ಮನೆಯಲ್ಲಿ ನಾನು ಅತ್ತೆಯ ಜೊತೆ ಕೂಡಿ ಮನಸಾರೆ ನಕ್ಕದ್ದು ಅಂದು.

ಕೆಲವು ದಿನಗಳ ಮೇಲೆ ಮಧ್ಯಾಹ್ನ ಹಿಂಡಿ ತರಲು ಕೊಟ್ಟಿಗೆಗೆ ಹೋದೆ. ಭಾವ ಗೋಡೆಗೆ ಒರಗಿ ನೆಲದ ಮೇಲೆ ಕೂತಿದ್ದರು. ಮೊಬೈಲು ಕೈಯಲ್ಲಿರಲಿಲ್ಲ. ಮರಿ ಅವರ ತೊಡೆಯ ಮೇಲೆ ಮುಂಗಾಲಿಟ್ಟು ಬಾಟಲಿ ಚೀಪುತ್ತಿತ್ತು. ನನ್ನನ್ನು ಕಂಡು ಬಾಟಲಿಯನ್ನು ಎತ್ತಿ ತೋರಿಸಿದರು.

"ಖಾಲಿ ಐತಿ ತಂಗಿ. ಸುಮ್ನ ಹಿಡದೀನಿ."

ನಿಜಕ್ಕೂ ಖಾಲಿ ಇತ್ತು. ಅವರ ಹೆಂಡತಿ ತವರಿಗೆ ಹೋಗಿ ತಿರುಗಿ ಬಾರದೆ ಎಷ್ಟೋ ವರ್ಷವಾಗಿದೆ. ಮಕ್ಕಳಿಲ್ಲ. ಜಗಳವಾಯಿತು ಎಂದು ಯಾರೂ ಹೇಳುವುದಿಲ್ಲ. ಒಂದು ಮದುವೆಯಲ್ಲಿ ಆಕೆ ಸಿಕ್ಕಾಗ ಯಾಕಕ್ಕಾ ಎಂದು ನಾನು ಕೇಳಿದ್ದೆ. "ಅವರಿಗೆ ಮಾತಾಡಾಕ ನಾ ಬೇಕಾಗಿದ್ದಿಲ್ಲವಾ, ಗ್ವಾಡಿ ಸಾಕಾಗಿತ್ತು," ಎಂದು ಹೇಳಿದ್ದಳು. ಆ ಮಧ್ಯಾಹ್ನ ಭಾವನವರ ಮುಖ ನೋಡಿ ನನಗೆ ಏನೋ ಒಂದಿಷ್ಟು ಕರಗಿದ್ದು ಸುಳ್ಳಲ್ಲ. ಯಾರೂ ನೋಡದಿರುವಾಗ ಅವರು ಮಾಡಿದ್ದನ್ನು ನಾನು ಕಂಡದ್ದು ಅದೊಂದೇ.

"ಖಾಲಿ ಬಾಟ್ಲಿ ಚೀಪಿದ್ರೂ ಹೊಟ್ಟಿಗೆ ಗಾಳಿ ಹೋಗತೈತ್ರಿ," ಎಂದು ಮೆಲ್ಲಗೆ ಹೇಳಿ ಕೈ ಚಾಚಿದೆ. ಭಾವ ಬಾಟಲಿ ಕೊಟ್ಟರು.

ನಾನು ಕರಗಿದ್ದು ಮರುದಿನದವರೆಗೆ ಉಳಿಯಲಿಲ್ಲ. ಚಹಾದಂಗಡಿಯ ಮುಂದೆ ಹಾದು ಹೋಗುವಾಗ ಅವರು ಅಲ್ಲಿ ಕೂತವರಿಗೆ ಹೇಳುತ್ತಿದ್ದದ್ದು ಕಿವಿಗೆ ಬಿತ್ತು. ಮನೆಯ ಹೆಣ್ಣುಮಕ್ಕಳಿಗೆ ಮರಿಯ ಮೇಲೆ ಮಮತೆ ಹೆಚ್ಚು, ಅವರೇ ಬಿಸ್ಕಿಟು ತಿನ್ನಿಸಿ ಹೊಟ್ಟೆ ಕೆಡಿಸಿದರು, ತಾವು ದವಾಖಾನೆಗೆ ಒಯ್ಯದಿದ್ದರೆ ಅಂದೇ ಮುಗಿಯುತ್ತಿತ್ತು. ಕೇಳುತ್ತಿದ್ದವರು ತಲೆದೂಗುತ್ತಿದ್ದರು. ನಾನು ನಿಲ್ಲಲಿಲ್ಲ. ನಿಂತು ಹೇಳಿದರೆ, ಹೇಳಿದ್ದನ್ನು ಅವರು ನಂಬಬೇಕೆಂದು ನನಗೆ ಆಸೆ ಇದೆ ಎಂದಾಗುತ್ತಿತ್ತು. ಆ ಮಂದಿಯ ನಂಬಿಕೆ ತೆಗೆದುಕೊಂಡು ನಾನು ಏನು ಮಾಡಲಿ?

ಮುಂಗಾರು ಹಿಡಿಯುವ ಹೊತ್ತಿಗೆ ಮರಿ ಉಳಿದ ಆಡುಗಳ ಜೊತೆ ಗುಡ್ಡದ ಕಡೆ ಮೇಯಲು ಹೋಗತೊಡಗಿತು. ಜೊತೆಯವುಗಳಿಗಿಂತ ಎತ್ತರ ಕಡಿಮೆ, ಹೊಟ್ಟೆ ಸ್ವಲ್ಪ ಜೋಲು. ಆದರೆ ಮುಳ್ಳು ಕಂಟಿಯನ್ನೂ ಬಿಡದೆ ಕಡಿಯುತ್ತದೆ, ಮಧ್ಯಾಹ್ನ ಕಣ್ಣು ಅರೆಮುಚ್ಚಿ ಮೆಲುಕು ಹಾಕುತ್ತದೆ. ನಾನು ಎದುರಿಗೆ ಬಂದರೆ ಯಾರೋ ಎನ್ನುವಂತೆ ನೋಡಿ ದಾರಿ ಬಿಡುತ್ತದೆ. ನಮ್ಮಿಬ್ಬರ ನಡುವೆ ಅಷ್ಟೇ ಇರಬೇಕಾದದ್ದು. ನನಗೆ ಅದರಿಂದ ಬೇಸರವಿಲ್ಲ. ಭಾವನವರನ್ನೂ ಅದು ಗುರುತಿಸುವುದಿಲ್ಲ. ಅವರೂ ಅದನ್ನು ಗುರುತಿಸುವುದಿಲ್ಲ. ಮೂರರಲ್ಲಿ ಯಾವುದು ಎಂದು ಬಂದವರು ಕೇಳಿದರೆ ಯಾವುದಕ್ಕಾದರೂ ಕೈ ತೋರಿಸುತ್ತಾರೆ. ಈಗ ಅವರ ಚಾನೆಲ್ಲಿನಲ್ಲಿ ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ಬೋರಿಗೆ ನೀರು ಎಲ್ಲಿದೆ ಎಂದು ಹೇಳುವುದು ನಡೆದಿದೆ.

ಹೋದ ತಿಂಗಳು ರೋಣದಲ್ಲಿ ಬಳಗದ ಮನೆಯ ಸೀಮಂತಕ್ಕೆ ಹೋಗಿದ್ದೆ. ಊಟದ ಸಾಲಿನಲ್ಲಿ ಪಕ್ಕಕ್ಕೆ ಕೂತ ಹೆಂಗಸು ಯಾವ ಊರು, ಯಾರ ಮನೆ ಎಂದು ವಿಚಾರಿಸಿದಳು. ಹೇಳಿದೆ. ಅವಳ ಮುಖ ಅರಳಿತು.

"ಅಯ್ಯ, ತಾಯಿ ಬಿಟ್ಟ ಮರೀನ ಮಗಳಂಗ ಸಾಕಿದ್ರಲ್ಲ, ಅವರ ಮನಿಯಾಕೀನರಿ ನೀವು?"

"ಹೌದ್ರಿ."

"ಅವರಿಗೇನಾಗಬೇಕ್ರಿ ನೀವು?"

"ಬಾಟ್ಲಿ ತೊಳಿತಿದ್ದೆರಿ," ಅಂದೆ.

ಅವಳು ಅದನ್ನು ವಿನಯ ಎಂದು ತಿಳಿದಳು. "ಪುಣ್ಯಾ ಮಾಡೀರಿ ಬಿಡ್ರಿ, ಅಂಥವರ ಮನ್ಯಾಗ ಇರಾಕ," ಎಂದು ನನ್ನ ಕೈ ಮುಟ್ಟಿ ಹೇಳಿದಳು. ಅಷ್ಟರಲ್ಲಿ ಬಡಿಸುವವರು ಬಂದರು. ನಾನು ಎಣ್ಣೆಗಾಯಿ ಇನ್ನೊಂದಿಷ್ಟು ಹಾಕಿಸಿಕೊಂಡು, ರೊಟ್ಟಿ ಮುರಿದು ತಿನ್ನತೊಡಗಿದೆ.